ಮಂಡಿ ಶೆಡ್ಡು, ಮೊಬೈಲ್ ಆಟ, ನನ್ನ ಎರಡು ಕಣ್ಣು

ವೆಲ್ಡಿಂಗ್ ಮಾಡುವವನ ಕಣ್ಣು ಕೆಂಪಗಿದ್ದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ. ಏನಯ್ಯಾ ಕಣ್ಣು ಹೀಗಿದೆ ಅಂದವರಿಗೆ "ಕೆಲಸ" ಅಂದರೆ ಸಾಕು, ಪಾಪ ಅಂದುಕೊಂಡು ಸುಮ್ಮನಾಗುತ್ತಾರೆ. ಹೋದ ಬೇಸಿಗೆಯಲ್ಲಿ ಎರಡು ತಿಂಗಳು ನಾನು ಆ ಒಂದು ಮಾತಿನ ಹಿಂದೆ ಅಡಗಿಕೊಂಡಿದ್ದೆ. ನನ್ನ ಕಣ್ಣು ಕೆಡಿಸಿದ್ದು ಕೆಲಸ ಅಲ್ಲ, ಮೊಬೈಲಿನಲ್ಲಿ ಆಡುವ ಬಂದೂಕಿನ ಆಟ. ನಲವತ್ತಮೂರು ವರ್ಷದ ಗಂಡಸು, ಶ್ರೀನಿವಾಸಪುರದಲ್ಲಿ ಸ್ವಂತ ವೆಲ್ಡಿಂಗ್ ಶಾಪು ಇಟ್ಟವನು, ಇದನ್ನು ಯಾವ ಬಾಯಲ್ಲಿ ಹೇಳಲಿ?

ಆಗ ಕೈಯಲ್ಲಿದ್ದದ್ದು ಊರಾಚೆ ಒಂದು ಮಾವಿನ ಮಂಡಿಯ ಹೊಸ ಶೆಡ್ಡು. ಹದಿನೆಂಟು ಅಡಿ ಎತ್ತರದ ಕಂಬಗಳು, ನಲವತ್ತು ಅಡಿ ಅಗಲ, ಮೇಲೆ ಏಳು ಟ್ರಸ್. ಟ್ರಸ್ ಅಂದರೆ ಚಾವಣಿಯ ಶೀಟನ್ನು ಹೊರುವ ಮೂರು ಮೂಲೆಯ ಕಬ್ಬಿಣದ ಚೌಕಟ್ಟು. ಒಂದೊಂದರಲ್ಲೂ ಇಪ್ಪತ್ತೆರಡು ಜಾಯಿಂಟು. ಮೊದಲ ಕಾಯಿ ಇಳಿಯುವುದರೊಳಗೆ ಮುಗಿಸಿಕೊಡಬೇಕು ಎಂದು ಮಂಡಿ ಸಾಹುಕಾರರು ಹೇಳಿದ್ದರು. ಕಾಯಿ ಬಂದಮೇಲೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ತೋಟದವರು, ಕಾಯಿ ಆರಿಸುವ ಹೆಂಗಸರು, ಕ್ರೇಟು ಹೊರುವವರು, ಲಾರಿಯವರು. ಅಷ್ಟೂ ಜನ ನಾನು ಬೆಸೆದ ಕಬ್ಬಿಣದ ಕೆಳಗೆ.

ನನ್ನ ಜೊತೆ ಕೆಲಸ ಮಾಡುವವರು ಫಿಟ್ಟರ್ ಮಾವ. ಸಂಬಂಧದಲ್ಲಿ ನನಗೇನೂ ಆಗಬೇಕಿಲ್ಲ. ಆಂಧ್ರದ ಗಡಿ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಹದಿನೈದು ವರ್ಷದಿಂದ ಜೊತೆಗಿದ್ದಾರೆ. ಅವರು ಅಳತೆ ಹಾಕಿ, ಕತ್ತರಿಸಿ, ಜೋಡಿಸಿ, ಎಲ್ಲಿ ಬೆಸೆಯಬೇಕೋ ಅಲ್ಲಿ ಚಾಕ್‌ಪೀಸಿನಲ್ಲಿ ಗೀಟು ಎಳೆದುಕೊಡುತ್ತಾರೆ. ನಾನು ಆ ಗೀಟಿನ ಮೇಲೆ ರಾಡ್ ಓಡಿಸುತ್ತೇನೆ. ನನ್ನ ವೆಲ್ಡಿಂಗು ನೋಡಿದವರು ಇದು ಯಾರ ಕೈ ಅಂತ ಕೇಳುತ್ತಿದ್ದರು. ಆ ಹೆಮ್ಮೆ ನನಗಿತ್ತು, ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ.

ಆಟ ಹತ್ತಿದ್ದು ಕರೆಂಟಿನಿಂದ. ಬೇಸಿಗೆಯಲ್ಲಿ ತ್ರೀ ಫೇಸ್ ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಎಂದು ಹೇಳುವ ಹಾಗಿಲ್ಲ. ಒಂದು ಫೇಸ್ ಹೋದರೂ ಬಲ್ಬು ಉರಿಯುತ್ತಿರುತ್ತೆ, ನಮ್ಮ ಮಷಿನ್ ಮಾತ್ರ ಸತ್ತು ಮಲಗಿರುತ್ತೆ. ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಮಾಲೂರಿನ ಫ್ಯಾಕ್ಟರಿಯಲ್ಲಿರುವ ನನ್ನ ಬಾಮೈದ ಬಂದು, ಮೊಬೈಲಿಗೆ ಆ ಆಟ ಹಾಕಿಕೊಟ್ಟು ಹೋದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಫಾರಂ ತುಂಬಿ ಅಂದ ಕಡೆ ಇವತ್ತಿಗೂ ನಾಲಿಗೆ ಒಣಗುತ್ತೆ. ಆಟದಲ್ಲಿ ಯಾರೂ ಎಷ್ಟು ಓದಿದ್ದೀಯ ಅಂತ ಕೇಳುವುದಿಲ್ಲ. ಹುಲ್ಲಿನಲ್ಲಿ ಮಲಗಿರುವ ಶತ್ರು ಸಾಸಿವೆ ಕಾಳಿನಷ್ಟು ಕಾಣುತ್ತಾನೆ, ಅವನನ್ನು ಮೊದಲು ಕಂಡವನು ಗೆದ್ದ. ನಾನು ಮೊದಲು ಕಾಣುತ್ತಿದ್ದೆ. ಬಾಮೈದನ ಜೊತೆ ಆಡುವ ಓದಿದ ಹುಡುಗರೆಲ್ಲ ಕಿವಿಗೆ ಸಿಕ್ಕಿಸಿದ ವಯರಿನಲ್ಲಿ "ಅಣ್ಣ, ಎಲ್ಲಿದ್ದಾನೆ ಹೇಳಿ ಅಣ್ಣ" ಅಂತ ನನ್ನನ್ನು ಕೇಳುತ್ತಿದ್ದರು. ಅದು ಸಣ್ಣ ಸುಖ ಅಲ್ಲ.

ಮೊದಮೊದಲು ಕರೆಂಟು ಹೋದಾಗ ಮಾತ್ರ ಆಡುತ್ತಿದ್ದೆ. ಆಮೇಲೆ ಬೆಳಿಗ್ಗೆ ಎದ್ದ ತಕ್ಷಣ ಒಂದು ಆಟ, ಮನೆಗೆ ಹೋದಮೇಲೆ ಊಟದವರೆಗೆ, ಊಟ ಆದಮೇಲೆ ನಿದ್ದೆ ಬರುವವರೆಗೆ. ನಿದ್ದೆಯೂ ಬರುತ್ತಿರಲಿಲ್ಲ.

ಮೂರನೇ ವಾರಕ್ಕೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗತೊಡಗಿತು. ಹುಬ್ಬಿನ ಮೇಲೆ ಒಂದು ಕಡೆ ಸಟ್ಟುಗದಲ್ಲಿ ಒತ್ತಿದಂಥ ನೋವು. ಮೊಬೈಲು ಕೆಳಗಿಟ್ಟು ತಲೆ ಎತ್ತಿದರೆ ರಸ್ತೆಯಾಚೆಯ ಬೋರ್ಡು ಹಿಟ್ಟು ಎರಚಿದ ಹಾಗೆ ಮಬ್ಬು. ಹತ್ತು ನಿಮಿಷಕ್ಕೆ ಸರಿಹೋಗುತ್ತಿತ್ತು. ಸರಿಹೋಗುತ್ತಲ್ಲ, ಮತ್ತೇನು ಅಂದುಕೊಂಡೆ.

ನಮ್ಮ ಕಸುಬಿನಲ್ಲಿ ಕಣ್ಣಿಗೆ ಒಂದು ಮಾಮೂಲಿ ಔಷಧಿ ಇದೆ. ಕಪ್ಪು ಗಾಜು ಅಡ್ಡ ಹಿಡಿಯುವ ಮುಂಚೆ ಬೆಳಕು ಕಣ್ಣಿಗೆ ಹೊಡೆದರೆ ಅವತ್ತು ರಾತ್ರಿಯೆಲ್ಲ ಕಣ್ಣು ಉರಿದು ನೀರಾಡುತ್ತೆ. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಒಂದು ಸಣ್ಣ ಬಾಟಲಿ ಡ್ರಾಪ್ಸ್ ಕೊಡುತ್ತಾರೆ. ಚೀಟಿ ಗೀಟಿ ಬೇಡ, "ವೆಲ್ಡಿಂಗ್ ಡ್ರಾಪ್ಸ್ ಕೊಡಿ" ಅಂದರೆ ಸಾಕು. ಎಲ್ಲ ವೆಲ್ಡರುಗಳ ಟೂಲ್ ಬಾಕ್ಸಿನಲ್ಲೂ ಅದು ಇರುತ್ತೆ. ನನ್ನ ಗುರುಗಳು ಹಾಕಿಕೊಳ್ಳುತ್ತಿದ್ದರು, ನಾನೂ ಕಲಿತೆ. ಅವರು ವರ್ಷಕ್ಕೆ ನಾಲ್ಕು ಸಲ ಹಾಕಿಕೊಂಡಿರಬಹುದು. ನಾನು ದಿನಕ್ಕೆ ನಾಲ್ಕು ಸಲ ಹಾಕಿಕೊಳ್ಳತೊಡಗಿದೆ. ಹಾಕಿದ ತಕ್ಷಣ ತಣ್ಣಗಾಗಿ ಕೆಂಪೆಲ್ಲ ಇಳಿದುಹೋಗುತ್ತಿತ್ತು. ಇಳಿದಮೇಲೆ ಇನ್ನೊಂದು ಆಟ. ಹೀಗೆ ಎರಡು ತಿಂಗಳು.

ಟ್ರಸ್ ಕೆಲಸದಲ್ಲಿ ಮೊದಲು ಗುಮಾನಿ ಬಂದದ್ದು ಮಾವನಿಗೆ. ಎರಡನೆಯ ಟ್ರಸ್ ನೆಲದ ಮೇಲಿತ್ತು. ನಾನು ಕೂತು ಬೆಸೆಯುತ್ತಿದ್ದರೆ ಅವರು ಎದುರು ನಿಂತು ನೋಡುತ್ತಿದ್ದರು.

"ಏಮ್ರಾ ಅಬ್ಬಾಯಾ, ಹಾವು ಕಂಡವನ ಹಾಗೆ ಯಾಕೆ ಹಿಂದೆ ಹಿಂದೆ ಹೋಗ್ತಿದೀಯಾ?"

ಅವರು ಹೇಳಿದಮೇಲೆ ನನಗೇ ಗೊತ್ತಾಯಿತು. ಗೀಟು ಸರಿಯಾಗಿ ಕಾಣಲಿ ಅಂತ ನಾನು ಮುಖವನ್ನು ಕೆಲಸದಿಂದ ದೂರ ದೂರ ಎಳೆದುಕೊಳ್ಳುತ್ತಿದ್ದೆ. ಹೊಗೆ ಮುಖಕ್ಕೆ ಬರುತ್ತೆ ಮಾವ ಅಂದೆ. ಮಾರನೆಯ ದಿನ ಅವರು ಒಂದು ಜಾಯಿಂಟನ್ನು ಬೆರಳಲ್ಲಿ ಸವರಿ, ವೆಲ್ಡಿಂಗು ಗೀಟಿನ ಪಕ್ಕಕ್ಕೆ ಬಿದ್ದಿದೆ ಎಂದರು. ನಾನು ರಾಡಿಗೆ ತೇವ ಹಿಡಿದಿದೆ ಎಂದೆ. ರಾಡಿನ ಪೊಟ್ಟಣ ಬಿಚ್ಚಿ ತಗಡಿನ ಮೇಲೆ ಹರಡಿ ಬಿಸಿಲಿಗಿಟ್ಟೆ. ಆಮೇಲೆ ಕಪ್ಪು ಗಾಜು ಹಳೆಯದಾಯಿತು ಎಂದು ಹೊಸದು ತಂದೆ. ಒಂದು ನಂಬರ್ ತಿಳಿಯಾದ್ದನ್ನು ಹಾಕಿ ನೋಡಿದೆ, ಗೀಟು ಕಾಣಲಿಲ್ಲ, ಕಣ್ಣು ಇನ್ನೂ ಉರಿಯಿತು. ಮಷಿನ್ನಿನ ಕರೆಂಟು ಏರಿಸಿದೆ, ಇಳಿಸಿದೆ. ಅರ್ಥಿಂಗ್ ವಯರಿನ ಕ್ಲಾಂಪು ಬದಲಾಯಿಸಿದೆ. ಒಂದೊಂದಾಗಿ ಶಾಪಿನಲ್ಲಿದ್ದ ಎಲ್ಲ ವಸ್ತುವಿನ ಮೇಲೂ ತಪ್ಪು ಹೊರಿಸಿ ಮುಗಿಸಿದೆ. ಉಳಿದದ್ದು ನಾನೊಬ್ಬ.

ಭಯ ಶುರುವಾದದ್ದು ಆಗ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಕೋಲಾರದ ಬಸ್ಸಿನ ಬೋರ್ಡು ಓದುತ್ತಿದ್ದೆ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ಎಡಗಣ್ಣಲ್ಲಿ ಅಕ್ಷರದ ಅಂಚು ಕರಗಿದ ಹಾಗಿರುತ್ತಿತ್ತು. ಸಂಜೆ ಅಂಗಡಿಯ ಬಲ್ಬಿನ ಸುತ್ತ ಬಣ್ಣದ ಬಳೆ ಕಾಣತೊಡಗಿತು. ಮುಳಬಾಗಿಲಿನಲ್ಲಿ ನಾನು ಕೆಲಸ ಕಲಿತ ಶಾಪಿನ ಪಕ್ಕದಲ್ಲಿ ಒಬ್ಬ ಹಳೆಯ ವೆಲ್ಡರ್ ಇದ್ದ. ಕಣ್ಣು ಹೋದಮೇಲೆ ಅವನಿಗೆ ಬೋಲ್ಟು ನಟ್ಟು ಬೇರೆ ಮಾಡುವ ಕೆಲಸ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದರು. ಬೆರಳಲ್ಲಿ ತಡವಿ ತಡವಿ ಡಬ್ಬಕ್ಕೆ ಹಾಕುತ್ತಿದ್ದ. ಹುಡುಗರು ಬೇಕೆಂದೇ ಕಲೆಸಿಬಿಡುತ್ತಿದ್ದರು, ನಾನೂ ಒಂದು ಸಲ ಕಲೆಸಿದ್ದೆ. ಈಗ ದಿನಾ ಅವನ ಬೆರಳು ನೆನಪಿಗೆ ಬರುತ್ತಿತ್ತು. ಯಾರಿಗಾದರೂ ತೋರಿಸೋಣ ಅಂದರೆ, ತೋರಿಸಿದರೆ ಏನು ಹೇಳುತ್ತಾರೋ ಎಂಬುದೇ ದೊಡ್ಡ ಹೆದರಿಕೆ. ಆ ಹೆದರಿಕೆ ಮರೆಯಲು ಮೊಬೈಲು ತೆಗೆಯುತ್ತಿದ್ದೆ.

ಹೆಂಡತಿ ಮಾತ್ರ ನೇರ ಹೇಳಿದಳು. "ಆ ಮೊಬೈಲ್ ನಿಮ್ಮನ್ನ ನುಂಗ್ತಿದೆ ಕಣ್ರೀ. ತಪ್ಪನ್ನ ಕೆಲಸದ ಮೇಲೆ ಹಾಕಬೇಡಿ." ನಾನು ಅವಳ ಮೇಲೆ ರೇಗಿದೆ. ಹಗಲೆಲ್ಲ ಬೆಂಕಿ ನೋಡುವವನಿಗೆ ಒಂದು ಗಂಟೆ ಆಟ ಏನು ಮಾಡುತ್ತೆ ಎಂದೆ. ಅವಳು ಗಡಿಯಾರ ನೋಡುತ್ತಿದ್ದಳು ಅಂತ ನನಗೆ ಗೊತ್ತಿರಲಿಲ್ಲ.

ನಾಲ್ಕು ಟ್ರಸ್ ಮೇಲೇರಿದವು. ಐದನೆಯದನ್ನು ಚೈನ್ ಬ್ಲಾಕಿನಲ್ಲಿ ಎತ್ತುತ್ತಿದ್ದ ದಿನ ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಮಾವ ಚೈನು ಎಳೆಯುತ್ತಿದ್ದರು, ಇಬ್ಬರು ಕೂಲಿಯವರು ಎರಡು ತುದಿಗೆ ಕಟ್ಟಿದ ಹಗ್ಗ ಹಿಡಿದು ಅಲ್ಲಾಡದ ಹಾಗೆ ನೋಡಿಕೊಳ್ಳುತ್ತಿದ್ದರು. ಹನ್ನೆರಡು ಅಡಿ ಏರಿತ್ತು. ಒಣ ಕಟ್ಟಿಗೆ ಮುರಿದ ಹಾಗೆ ಒಂದು ಸದ್ದು. ನಡುವಿನ ಒಂದು ಕೋಲು ಬುಡದಲ್ಲಿ ಬಿಟ್ಟುಕೊಂಡು ಬಾಗಿಲಿನ ಹಾಗೆ ತೂಗಾಡಿತು. ಅದರ ಕೆಳಗೆ ಹಗ್ಗ ಹಿಡಿದಿದ್ದವನು ತಲೆ ಎತ್ತಿ ನೋಡುತ್ತಾ ನಿಂತುಬಿಟ್ಟಿದ್ದ, ಓಡಬೇಕು ಅಂತಲೂ ಹೊಳೆದಿರಲಿಲ್ಲ. ಮಾವ ಚೈನು ಬಿಡದೆ, ಬಾಯಿ ಬಿಡದೆ, ಕಣ್ಣಲ್ಲೇ ಅವನಿಗೆ ಆಚೆ ಹೋಗು ಅಂದರು. ನಿಧಾನವಾಗಿ ಇಳಿಸಿದರು.

ಬಿಟ್ಟ ಜಾಯಿಂಟನ್ನು ಉಜ್ಜಿ ನೋಡಿದರು ಮಾವ. ಮೇಲೆ ಚೆಂದದ ವೆಲ್ಡಿಂಗು, ನನ್ನ ಕೈಯದೇ, ಹೆಣೆದ ಜಡೆಯ ಹಾಗೆ. ಆದರೆ ಅದು ಕೂತಿದ್ದು ಬರೀ ಕೋಲುಗಳನ್ನು ಕೂಡಿಸುವ ಪ್ಲೇಟಿನ ಮೇಲೆ. ಕೋಲಿಗೆ ಮುಟ್ಟೇ ಇರಲಿಲ್ಲ. ಎರಡಕ್ಕೂ ನಡುವೆ ಒಂದು ಕೂದಲೆಳೆ ಸಂದು, ಅದರ ಮೇಲೆ ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಬಣ್ಣ ಬಳಿದು ಮುಚ್ಚಿಬಿಟ್ಟಿದ್ದೆವು. ಮಾವ ನನ್ನ ಮುಖ ನೋಡಿದರು. ನಾನು ಕೂಲಿಯವರ ಎದುರು, ಇದೊಂದು ತಪ್ಪಿಹೋಗಿತ್ತು, ಆಗುತ್ತೆ ಅಂದೆ. ನನ್ನ ತಲೆಯಲ್ಲಿದ್ದದ್ದು ಐದನೆಯದಲ್ಲ, ಮೇಲಿದ್ದ ನಾಲ್ಕು. ಅವುಗಳ ಕೆಳಗೆ ಸಾಹುಕಾರರ ಆಳುಗಳು ಆಗಲೇ ಖಾಲಿ ಕ್ರೇಟು ತಂದು ಒಟ್ಟುತ್ತಿದ್ದರು, ಒಟ್ಟಿದ ಕ್ರೇಟಿನ ನೆರಳಿಗೆ ಅಲ್ಲೇ ಕೂತು ಉಣ್ಣುತ್ತಿದ್ದರು.

ಮಧ್ಯಾಹ್ನ ನಾನೊಬ್ಬನೇ ಏಣಿ ಹತ್ತಿದೆ. ಸುತ್ತಿಗೆ, ವಯರ್ ಬ್ರಷ್, ಚಾಕ್‌ಪೀಸು. ಮೊದಲನೆಯ ಟ್ರಸ್ಸಿನ ಮೊದಲ ಜಾಯಿಂಟಿಗೆ ಮುಖ ಹತ್ತಿರ ಒಯ್ದೆ, ಮಬ್ಬು. ದೂರ ಎಳೆದುಕೊಂಡೆ, ಸ್ವಲ್ಪ ಕಂಡಿತು, ಆದರೆ ಕೂದಲೆಳೆ ಸಂದು ಕಾಣುವಷ್ಟಲ್ಲ. ಹದಿನೆಂಟು ಅಡಿ ಮೇಲೆ ಒಂದು ಕೈಯಲ್ಲಿ ಪೈಪು ಹಿಡಿದು ಕೂತು, ನಾನು ಮಾಡಿದ ಕೆಲಸ ಸರಿಯೋ ತಪ್ಪೋ ನನಗೇ ಕಾಣುತ್ತಿಲ್ಲ ಎಂಬುದು ಗೊತ್ತಾದ ಗಳಿಗೆ ಅದು.

ಕಣ್ಣಿನ ಆಸೆ ಬಿಟ್ಟು ಕಿವಿಯನ್ನೂ ಬೆರಳನ್ನೂ ನಂಬಿದೆ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಕೂಡಿಕೊಂಡ ಜಾಯಿಂಟು ಗಣ್ ಅನ್ನುತ್ತೆ, ಕೂಡದ್ದು ಒಡೆದ ಮಡಕೆಯ ಹಾಗೆ ಡಬ್ ಅನ್ನುತ್ತೆ. ಅನುಮಾನ ಬಂದ ಕಡೆ ಬಣ್ಣ ಉಜ್ಜಿ ಉಗುರಿನಲ್ಲಿ ಅಂಚು ಎಳೆದೆ. ಉಗುರು ಸಿಕ್ಕಿಕೊಂಡರೆ ಅಲ್ಲಿ ಸಂದು ಇದೆ ಅಂತ. ಮೊದಲ ಟ್ರಸ್ಸಿನಲ್ಲಿ ಎಲ್ಲ ಸರಿ. ಎರಡನೆಯದರಲ್ಲಿ ಎರಡು. ಮೂರನೆಯದರಲ್ಲಿ ಮೂರು, ಅದರಲ್ಲಿ ಎರಡು ಅಕ್ಕಪಕ್ಕದವು. ಅಷ್ಟು ಹೊತ್ತಿಗೆ ಕೈ ಬೆವರಿ ಚಾಕ್‌ಪೀಸು ಜಾರಿ ಬಿತ್ತು. ಕೆಳಗೆ ಕ್ರೇಟು ಜೋಡಿಸುತ್ತಿದ್ದ ಹೆಂಗಸಿನ ಹೆಗಲ ಮೇಲೆ ಬಿತ್ತು. ಅವಳು ಮೇಲೆ ನೋಡಿ, "ಅಣ್ಣಾ, ಚಾಕ್‌ಪೀಸಾದ್ರೆ ಸರಿ, ಸುತ್ತಿಗೆ ಹಾಕಬೇಡ" ಅಂತ ನಕ್ಕಳು.

ನಾನು ಇಳಿದೆ. ನೇರ ಸಾಹುಕಾರರ ಹತ್ತಿರ ಹೋದೆ. ಅವರು ಯಾರೋ ತೋಟದವರ ಜೊತೆ ಮಾತಾಡುತ್ತಾ ಕೂತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದದ್ದು ನೋಡಿ ಏನೋ ಆಗಿದೆ ಅಂತ ಅವರಿಗೆ ಗೊತ್ತಾಯಿತು.

"ಸಾಹುಕಾರ್ರೇ, ಶೆಡ್ಡಿನ ಕೆಳಗಿರೋರನ್ನ ಈಗಲೇ ಆಚೆ ಕಳಿಸಿ."

"ಯಾಕೋ?"

"ನನ್ನ ವೆಲ್ಡಿಂಗ್ ನಂಬೋ ಹಾಗಿಲ್ಲ."

ಇಪ್ಪತ್ತೈದು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅವರು ಮೊದಲು ಎದ್ದು ಹೋಗಿ ಆಳುಗಳನ್ನು ಹೊರಗೆ ಕರೆದರು, ಯಾರೂ ಒಳಗೆ ಹೋಗದ ಹಾಗೆ ಸುತ್ತ ಹಗ್ಗ ಕಟ್ಟಿಸಿದರು, ಆಮೇಲೆ ಬಂದು ಕೂತು ಕೇಳಿದರು, ಏನಾಯಿತು ನಿನಗೆ ಅಂತ. ಕಣ್ಣು ಅಂದೆ. ಕೆಲಸದಿಂದ ಹೀಗಾಯಿತಾ ಎಂದು ಅವರೇ ಮರುಕದಿಂದ ಕೇಳಿದರು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ನನ್ನ ನಾಲಿಗೆ ಆ ಕಡೆಗೇ ಹೊರಳಿತು. ಹೇಗೋ ತಿರುಗಿಸಿ, ಮೊಬೈಲಲ್ಲಿ ಆಟ ಆಡಿ ಅಂದೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ನನ್ನ ಮೊಮ್ಮಗನಿಗೆ ದಿನಾ ಹೇಳ್ತೀನಿ ಇದನ್ನ," ಅಂದರು. "ನಿನಗೂ ಹೇಳಬೇಕಿತ್ತಾ?"

ಮಾರನೆಯ ದಿನ ಹೆಂಡತಿ ಜೊತೆ ಕೋಲಾರದ ಬಸ್ಸು ಹತ್ತಿದೆ. ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು ಯಾವ ಔಷಧಿ ಹಾಕುತ್ತಿದ್ದೀರಿ ಅಂತ. ಜೇಬಿನಿಂದ ಬಾಟಲಿ ತೆಗೆದುಕೊಟ್ಟೆ. ಅವರು ಅದನ್ನು ತಿರುಗಿಸಿ ಓದಿ ಮೇಜಿನ ಮೇಲಿಟ್ಟರು, ನನಗೆ ವಾಪಸು ಕೊಡಲಿಲ್ಲ. ಎಷ್ಟು ದಿನದಿಂದ ಎಂದರು. ಎರಡು ತಿಂಗಳು ಅಂದೆ. ಇದು ಸ್ಟೆರಾಯ್ಡ್, ಡಾಕ್ಟರು ನೋಡುತ್ತಾ ಕೊಡಬೇಕಾದ ಔಷಧಿ, ಸುಮ್ಮನೆ ಹಾಕುತ್ತಾ ಹೋದರೆ ಕೆಲವರಿಗೆ ಕಣ್ಣೊಳಗಿನ ಒತ್ತಡ ಏರುತ್ತೆ, ಏರಿದ್ದು ಗೊತ್ತಾಗುವುದಿಲ್ಲ, ನರ ಸತ್ತಮೇಲೆ ಹೋದ ದೃಷ್ಟಿ ವಾಪಸು ಬರುವುದಿಲ್ಲ ಎಂದರು. ಗಟ್ಟಿಯಾಗಿ ಹೇಳಲಿಲ್ಲ.

ಮರಗಟ್ಟಿಸುವ ಒಂದು ಹನಿ ಹಾಕಿ, ಗದ್ದವನ್ನು ಮಷಿನ್ನಿನ ಮೇಲೆ ಇಡಿಸಿದರು. ನೀಲಿ ಬೆಳಕೊಂದು ಹತ್ತಿರ ಹತ್ತಿರ ಬಂದು ಕಣ್ಣನ್ನೇ ಮುಟ್ಟಿತು. ಬೆಂಕಿಗೆ ಹೆದರದವನು ಆ ನೀಲಿ ಚುಕ್ಕೆಗೆ ಹೆದರಿ ಎರಡು ಸಲ ಹಿಂದೆ ಸರಿದೆ. ಒತ್ತಡ ಇಪ್ಪತ್ತೊಂದರ ಒಳಗಿರಬೇಕಂತೆ. ಬಲಗಣ್ಣಿನದು ಇಪ್ಪತ್ತೆಂಟು. ಎಡಗಣ್ಣಿನದು ಮೂವತ್ತೊಂದು.

"ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡ್ತೀರಿ?"

"ಒಂದರ್ಧ ಗಂಟೆ ಮೇಡಂ."

ಹಿಂದೆ ನಿಂತಿದ್ದ ಹೆಂಡತಿ ಮೆಲ್ಲಗೆ ಕೆಮ್ಮಿ ಹೇಳಿದಳು. "ಆರು ಗಂಟೆ ಮೇಡಂ. ಊಟದ ಹೊತ್ತು ಬಿಟ್ಟು."

ಡಾಕ್ಟರಮ್ಮ ನಗಲಿಲ್ಲ. ಬಿಡಿಸಿ ಹೇಳಿದರು. ಆಟ ನೋಡುವಾಗ ಮನುಷ್ಯ ಕಣ್ಣು ಮಿಟುಕಿಸುವುದನ್ನೇ ಮರೆಯುತ್ತಾನೆ, ಕಣ್ಣು ಒಣಗುತ್ತೆ, ಉರಿ ಮರಳು ಎಲ್ಲ ಅದು. ಗಂಟೆಗಟ್ಟಲೆ ಹತ್ತಿರ ನೋಡಿದರೆ ಕಣ್ಣೊಳಗಿನ ಸ್ನಾಯು ಮುಷ್ಟಿ ಹಿಡಿದ ಕೈಯ ಹಾಗೆ ಬಿಗಿದುಕೊಳ್ಳುತ್ತೆ, ತಲೆ ಎತ್ತಿದ ತಕ್ಷಣ ದೂರ ಮಬ್ಬಾಗುವುದು ಅದಕ್ಕೆ. ಇದರ ಮೇಲೆ ನನಗೆ ಚಾಳೀಸು ಬಂದಿತ್ತು. ನಲವತ್ತು ದಾಟಿದವರಿಗೆಲ್ಲ ಬರುವುದೇ, ಒಂದು ಕನ್ನಡಕದಲ್ಲಿ ಮುಗಿಯುವ ವಿಷಯ. ನಾನು ಅದನ್ನು ನಾಚಿಕೆ ಅಂದುಕೊಂಡು, ಮುಖ ಹಿಂದೆ ಎಳೆದು ಎಳೆದು ಕೆಲಸ ಮಾಡಿದ್ದೆ. ಕಣ್ಣಿಗೆ ಆದದ್ದು ನಾಲ್ಕು, ನಾಲ್ಕಕ್ಕೂ ನಾನು ಕೊಟ್ಟ ಹೆಸರು ಒಂದೇ, ವೆಲ್ಡಿಂಗು.

ಆ ಡ್ರಾಪ್ಸ್ ನಿಲ್ಲಿಸಬೇಕು. ಒತ್ತಡ ಇಳಿಸಲು ಬೇರೆ ಹನಿ, ಒಣಗದ ಹಾಗೆ ಇನ್ನೊಂದು. ಹತ್ತಿರದ ಕೆಲಸಕ್ಕೆ ಕನ್ನಡಕ. ಇಪ್ಪತ್ತು ನಿಮಿಷಕ್ಕೊಂದು ಸಲ ತಲೆ ಎತ್ತಿ ದೂರದ್ದೇನಾದರೂ ನೋಡಬೇಕು. ಮೂರು ವಾರ ಬಿಟ್ಟು ಬರಬೇಕು. ಇಳಿಯುತ್ತಾ ಅಂತ ಕೇಳಿದೆ. ತುಂಬಾ ಜನಕ್ಕೆ ಇಳಿಯುತ್ತೆ, ಈಗಲೇ ಮಾತು ಕೊಡಲಾರೆ ಎಂದರು.

ಬಸ್ಸಿನಲ್ಲಿ ಹೆಂಡತಿ ನನ್ನ ಮೊಬೈಲು ತಾನೇ ಇಟ್ಟುಕೊಂಡಳು. ಅವಳು ಕೇಳಲಿಲ್ಲ, ನಾನೂ ಬೇಡ ಅನ್ನಲಿಲ್ಲ.

ಮೂರು ವಾರ ಮಾವು ಕಾಯುವುದಿಲ್ಲ. ಮೇಲಿರುವ ಟ್ರಸ್ಸುಗಳನ್ನು ಯಾರು ಸರಿಮಾಡಬೇಕು? ಹೊಸ ಕನ್ನಡಕ ಹಾಕಿಕೊಂಡು ನಾನೇ ಮಾಡುತ್ತೇನೆ ಎಂದು ಮೊದಲು ಮಾವನಿಗೆ ಹೇಳಿದೆ. ಅವರು ಬೇಡ ಅಂದರು. ಎತ್ತರದಲ್ಲಿ ಕೂತು ನಿನ್ನ ಹೊಸ ಕಣ್ಣು ಪರೀಕ್ಷೆ ಮಾಡಬೇಡ ಎಂದರು. ಹಾಗಾದರೆ ಉಳಿದವನು ಒಬ್ಬ. ನಂಗಲಿಯ ಹೈವೇ ಮೇಲೆ ಲಾರಿ ಚಾಸಿ ಬೆಸೆಯುವವನು. ಅವನೂ ನಾನೂ ಮುಳಬಾಗಿಲಿನ ಒಂದೇ ಗುರುಗಳ ಹತ್ತಿರ ಕಲಿತವರು, ಅಲ್ಲಿಂದ ಇವತ್ತಿನವರೆಗೆ ಯಾರ ಕೈ ಮೇಲು ಎಂಬ ಜಗಳ ಮುಗಿದಿಲ್ಲ. ಹನ್ನೆರಡು ವರ್ಷದಿಂದ ಮಾತಿರಲಿಲ್ಲ. ಅವನನ್ನು ಕರೆಯುವುದಕ್ಕಿಂತ ಶೆಡ್ಡು ಬಿಚ್ಚಿ ಹೊಸದಾಗಿ ಕಟ್ಟುವುದು ಮೇಲು ಅನಿಸಿತು. ಕಟ್ಟಲು ದಿನ ಇರಲಿಲ್ಲ. ಹಗ್ಗ ದಾಟಿ ಯಾವನಾದರೂ ಆ ಕ್ರೇಟಿನ ನೆರಳಿಗೆ ಹೋಗಿ ಕೂತರೆ ಎಂಬ ಯೋಚನೆ ಬಂದಾಗ ಎದ್ದು ನಂಗಲಿಗೆ ಹೋದೆ.

ಅವನು ಲಾರಿಯ ಕೆಳಗಿಂದ ತೆವಳಿಕೊಂಡು ಈಚೆ ಬಂದು ನನ್ನನ್ನು ನೋಡಿ ಗಾಜು ಮೇಲೆತ್ತಿದ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಆಟದ ವಿಷಯವನ್ನೂ. ಎರಡನೆಯ ಸಲ ಹೇಳುವಾಗಲೂ ಸುಲಭ ಆಗಲಿಲ್ಲ.

"ಏನ್ಲಾ, ಎಲ್ಲಾ ಬಿಟ್ಟು ಬೊಂಬೆಗಳ ಕೈಲಿ ಗುಂಡು ಹೊಡೆಸಿಕೊಂಡ್ಯಾ?" ಅಂದ. ಆಮೇಲೆ ಕೈ ಒರೆಸಿಕೊಂಡು, "ಬೆಳಿಗ್ಗೆ ಬರ್ತೀನಿ. ಆ ಡ್ರಾಪ್ಸು ನನ್ನ ಬಾಕ್ಸಲ್ಲೂ ಇದೆ, ಎಸೀಬೇಕಾ?" ಅಂತ ಕೇಳಿದ. ಎಸಿ ಅಂದೆ.

ನಾಲ್ಕು ದಿನ ಅವನು ಮೇಲೆ, ನಾನು ಪಕ್ಕದ ಏಣಿಯಲ್ಲಿ. ನಾನು ತಟ್ಟುವುದು, ಉಗುರು ಎಳೆಯುವುದು, ಗುರುತು ಹಾಕುವುದು. ನಾಲ್ಕನೆಯ ಟ್ರಸ್ಸಿನಲ್ಲಿ ಇನ್ನೂ ನಾಲ್ಕು ಸಿಕ್ಕವು, ಒಟ್ಟು ಒಂಬತ್ತು. ಅವನು ನನ್ನ ವೆಲ್ಡಿಂಗನ್ನು ಗ್ರೈಂಡರಿನಲ್ಲಿ ಕೆತ್ತಿ ತೆಗೆಯುವಾಗ ಕಿಡಿಗಳು ನನ್ನ ತೋಳಿಗೆ ಬೀಳುತ್ತಿದ್ದವು, ನಾನು ತೋಳು ತೆಗೆಯಲಿಲ್ಲ. ಅನುಮಾನ ಇಲ್ಲದ ಜಾಯಿಂಟುಗಳಿಗೂ ಹಿಂದುಗಡೆಯಿಂದ ಇನ್ನೊಂದು ಸುತ್ತು ಹಾಕಿಸಿದೆ. ಅತಿಯಾಯಿತು ಅಂದ. ಆಗಲಿ ಅಂದೆ. ನೆಲದ ಮೇಲಿದ್ದ ಐದು, ಆರು, ಏಳನೆಯದನ್ನು ಕನ್ನಡಕದ ಮೇಲೆ ಕಪ್ಪು ಗಾಜಿನ ಹೆಲ್ಮೆಟ್ ಹಾಕಿಕೊಂಡು ನಾನೇ ಬೆಸೆದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಮಾವ ಗಡಿಯಾರ ನೋಡಿ ಸುತ್ತಿಗೆಯಲ್ಲಿ ಕಂಬ ಬಡಿಯುತ್ತಿದ್ದರು, ನಾನು ಹೆಲ್ಮೆಟ್ ಎತ್ತಿ ತೋಟದ ಕಡೆ ನೋಡುತ್ತಿದ್ದೆ. ಕನ್ನಡಕದೊಳಗೆ ಗೀಟು ಹಗ್ಗದಷ್ಟು ದಪ್ಪ ಕಂಡಿತು. ಇಷ್ಟು ಸಣ್ಣದಕ್ಕೆ ಇಷ್ಟೆಲ್ಲ ಆಯಿತಾ ಅಂತ ಮೊದಲ ದಿನ ಅನಿಸಿತು.

ಏಳೂ ಟ್ರಸ್ ಮೇಲೇರಿದಮೇಲೆ, ಶೀಟು ಹಾಕುವ ಮುಂಚೆ, ಸಾಹುಕಾರರು ಭಾರ ಕಟ್ಟಿ ನೋಡಬೇಕೆಂದರು. ಒಂದೊಂದು ಟ್ರಸ್ಸಿನ ನಡುವಿಗೂ ಚೈನು ಹಾಕಿ, ಮರಳಿನ ಮೂಟೆಗಳನ್ನು ತೂಗಿಬಿಟ್ಟು, ಒಂದು ಹಗಲು ಪೂರ್ತಿ ಬಿಟ್ಟೆವು. ಯಾರನ್ನೂ ಒಳಗೆ ಬಿಡಲಿಲ್ಲ. ಮೂರನೆಯ ಟ್ರಸ್ಸಿಗೆ ಭಾರ ಬಿದ್ದಾಗ ಎಲ್ಲೋ ಟಿಕ್ ಅಂದಿತು. ನಂಗಲಿಯವನು ಅದು ಬೋಲ್ಟು ಕೂರುವ ಸದ್ದು ಅಂದ. ನನಗೂ ಗೊತ್ತಿತ್ತು, ಆದರೂ ಆ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಸಂಜೆ ಮೂಟೆ ಇಳಿಸಿ, ಮಾವ ಮೇಲೆ ಹತ್ತಿ ಜಾಯಿಂಟು ಜಾಯಿಂಟೂ ತಟ್ಟಿದರು. ಎಲ್ಲ ಗಣ್ ಎಂದವು. ಕೊನೆಯ ಸದ್ದು ಕೇಳಿದಮೇಲೆ ನಾನು ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಕಾಯಿ ಬಂದು ಮಂಡಿ ತುಂಬಿದ ವಾರವೇ ನನ್ನ ಮೂರು ವಾರ ಮುಗಿಯಿತು. ಮತ್ತೆ ಕೋಲಾರ, ಮತ್ತೆ ನೀಲಿ ಬೆಳಕು. ಬಲಗಣ್ಣು ಹದಿನೆಂಟಕ್ಕೆ ಇಳಿದಿತ್ತು. ಎಡಗಣ್ಣು ಇಪ್ಪತ್ತನಾಲ್ಕರಲ್ಲಿ ನಿಂತಿತ್ತು. ಡಾಕ್ಟರಮ್ಮ ಅದನ್ನು ಎರಡನೆಯ ಸಲ ನೋಡಿದರು, ಅಷ್ಟೇ ಇತ್ತು. ಒತ್ತಡದ ಹನಿ ನಿಲ್ಲಿಸುವ ಹಾಗಿಲ್ಲ, ಅಂಚಿನ ನೋಟಕ್ಕೆ ಪೆಟ್ಟು ಬಿದ್ದಿದೆಯಾ ಅಂತ ಪರೀಕ್ಷೆ ಮಾಡಬೇಕು, ಮೂರು ತಿಂಗಳಿಗೊಮ್ಮೆ ಬರುತ್ತಿರಬೇಕು ಎಂದರು. ಕೆಲಸ ಮಾಡಬಹುದಾ ಅಂತ ಕೇಳಿದೆ.

"ಮಾಡಿ. ಆದ್ರೆ ಕಾಣ್ತಿಲ್ಲ ಅನ್ನಿಸಿದ ದಿನ, ಕಾಣ್ತಿಲ್ಲ ಅಂತ ಬಾಯಿಬಿಟ್ಟು ಹೇಳಿ. ಅಷ್ಟು ಮಾಡಿದ್ರೆ ಸಾಕು."

ಅದೇನು ಮಹಾ ಅಂದುಕೊಂಡು ಬಂದೆ. ಕಣ್ಣು ಹೋಗುತ್ತೆ ಅನ್ನುವ ಹೆದರಿಕೆ ಮಾತ್ರ ಹೋಗಿಲ್ಲ. ಈಗಲೂ ಬೆಳಿಗ್ಗೆ ಎದ್ದ ತಕ್ಷಣ ಒಂದು ಕಣ್ಣು ಮುಚ್ಚಿ ಗೋಡೆ ನೋಡುತ್ತೇನೆ, ಆಮೇಲೆ ಇನ್ನೊಂದು. ಎಡಗಣ್ಣಿಗೆ ಗೋಡೆಯ ಮೂಲೆ ಕಂಡರೆ ಎದ್ದು ಮುಖ ತೊಳೆಯುತ್ತೇನೆ.

ಮುಂದಿನ ಕೆಲಸ ಆವನಿಯ ಹತ್ತಿರ ಒಂದು ಮನೆಯ ಮೆಟ್ಟಿಲಿನ ಕಂಬಿ. ಮೋಡ ಕವಿದಿತ್ತು, ಮೆಟ್ಟಿಲಿನ ಕೆಳಗೆ ಕತ್ತಲೆ. ಮನೆಯವರು ಕುರ್ಚಿ ಹಾಕಿಕೊಂಡು ನಾನು ಹೇಗೆ ಕೆಲಸ ಮಾಡುತ್ತೇನೆ ಅಂತ ನೋಡುತ್ತಾ ಕೂತಿದ್ದರು. ನಾನು ಹೆಲ್ಮೆಟ್ ಇಳಿಸಿದೆ, ರಾಡ್ ತುದಿ ಹತ್ತಿರ ಒಯ್ದೆ, ನಿಂತೆ. ಇನ್ನೊಂದು ಸಲ ಒಯ್ದೆ. ಅಂದಾಜಿನಲ್ಲಿ ಓಡಿಸಿಬಿಡಬಹುದಿತ್ತು. ಮೆಟ್ಟಿಲಿನ ಕಂಬಿ, ಟ್ರಸ್ ಏನಲ್ಲ. ಕುರ್ಚಿಯಲ್ಲಿದ್ದವರು ನೋಡುತ್ತಿದ್ದರು.

ಹೆಲ್ಮೆಟ್ ಎತ್ತಿದೆ.

"ಮಾವ, ಇಲ್ಲಿ ಗೀಟು ನನಗೆ ಕಾಣ್ತಿಲ್ಲ. ನೀನು ಬಂದು ನೋಡು."

ಮಾವ ಕೈಲಿದ್ದದ್ದನ್ನು ಕೆಳಗಿಟ್ಟು ಬಂದರು. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳಿಗೆ ಎಂಜಲು ಹಚ್ಚಿ ಧೂಳು ಒರೆಸಿ, ಚಾಕ್‌ಪೀಸಿನಲ್ಲಿ ದಪ್ಪಗೆ ಎಳೆದರು. ಎದ್ದು ಬಲ್ಬಿನ ವಯರು ಹತ್ತಿರ ತಂದು ಕೈಯಲ್ಲೇ ಹಿಡಿದು ನಿಂತರು. ಈಗ, ಅಂದರು.

ಬೆಸೆದೆ.